ವೇಗವರ್ಧನ ಶಬ್ದಮಣಿದರ್ಪಣಂ: ಬಿಳಿಕೆರೆ ತಿರುವಿನ ಒಂದು ವ್ಯಾಕರಣ

13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ಶಬ್ದಗಳನ್ನು ಜಾಲಾಡಿ ಇಟ್ಟುಹೋದ. ಎಕ್ಸಲೇಟರ್ ತುಳಿದಾಗ ಮಾರುತಿ 800ರ ಹೊಟ್ಟೆಯಿಂದ ಹೊರಡುವ ಶಬ್ದವೊಂದು ಅವನ ಕೈಗೆ ಸಿಗಲಿಲ್ಲ. ಆ ಕಾರು ರಸ್ತೆಗಿಳಿದದ್ದೇ 1983ರ ಡಿಸೆಂಬರಿನಲ್ಲಿ. ಈ ಕೊರತೆ ತುಂಬಲು ಪ್ರಬಂಧಕಾರನು ಬಿಳಿಕೆರೆಯನ್ನು ಅಧ್ಯಯನಕ್ಷೇತ್ರವಾಗಿ ಆರಿಸಿಕೊಂಡಿದ್ದಾನೆ. ಮೈಸೂರು–ಹುಣಸೂರು ಹೆದ್ದಾರಿಯಿಂದ ಕೆ.ಆರ್. ನಗರ, ಹಾಸನದ ಕಡೆಗೆ ರಸ್ತೆ ಒಡೆಯುವುದು ಇಲ್ಲೇ. ತಿರುಗುವವರು ವೇಗ ಇಳಿಸಲೇಬೇಕು, ಇಳಿಸಿದವರು ಮತ್ತೆ ತುಳಿಯಲೇಬೇಕು. ಸಾಮಗ್ರಿ ತಾನಾಗಿಯೇ ಗೊರಗುಟ್ಟುತ್ತ ಎದುರಿಗೆ ಬರುವುದರಿಂದ ವಿದ್ವಾಂಸನು ಟೀ ಅಂಗಡಿಯ ಬೆಂಚಿನಿಂದ ಏಳುವ ಪ್ರಮೇಯವಿಲ್ಲ.

ಸೂತ್ರ: ಕಾಲದಿಂ ಶಬ್ದಮನರಿವುದು.

ವೃತ್ತಿ: ಗಾಡಿಯ ಯಜಮಾನ ಗ್ಯಾರೇಜಿಗೆ ಹೋಗಿ ಮಾಡುವ ಮೊದಲ ಕೆಲಸ ಅನುಕರಣಾವ್ಯಯ ಪ್ರಯೋಗ. “ಗೊರ್ರ್ ಅಂತದೆ ಕಣಪ್ಪಾ, ಒಂದೊಂದ್ಸಲ ಕಟಕಟ.” ಮೆಕ್ಯಾನಿಕ್ ಇದಕ್ಕೆ ಮರುಳಾಗುವುದಿಲ್ಲ. “ಯಾವಾಗ್ ಬತ್ತದೆ ಸಾ?” ಶಾಸ್ತ್ರವೆಲ್ಲ ಈ ಪ್ರಶ್ನೆಯಲ್ಲಿದೆ. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ತುಳಿದಾಗಲೂ ಬಂದರೆ ಎಂಜಿನ್ ಅಥವಾ ಸೈಲೆನ್ಸರ್ ಕಡೆ ನೋಡಬೇಕು. ಓಡುವಾಗ ಮಾತ್ರ ಬಂದು, ಕಾಲು ತೆಗೆದರೂ ವೇಗಕ್ಕೆ ತಕ್ಕಂತೆ ಹೂಂಕರಿಸುತ್ತಿದ್ದರೆ ಚಕ್ರದ ಬೇರಿಂಗು. ಇನ್ನು ಗ್ಯಾರೇಜಿನ ಮುಂದೆ ಶಬ್ದವೇ ಬರದಿದ್ದರೆ? ಮೀಮಾಂಸಕರು ಇದನ್ನು ಅನುಪಲಬ್ಧಿ ಎನ್ನುವರು, ಮನೆಯವರು ಭ್ರಮೆ ಎನ್ನುವರು. ನಿಂತ ಗಾಡಿಯ ಎಂಜಿನ್ನಿಗೆ ಭಾರವಿಲ್ಲ; ಎಳೆಯುವಾಗ ಮಾತ್ರ ಹುಟ್ಟುವ ಶಬ್ದ ನಿಂತಲ್ಲಿ ಕೇಳಿಸದು. ಮೆಕ್ಯಾನಿಕ್ಕನ್ನು ಕೂರಿಸಿಕೊಂಡು ಒಂದು ರೌಂಡ್ ಹೊಡೆಯತಕ್ಕದ್ದು.

1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಸುತ್ತಿದ ಕಾಗದವನ್ನು ರೋಗಿಯ ಎದೆಗಿಟ್ಟು ಆಲಿಸಿ ಸ್ಟೆತಾಸ್ಕೋಪಿಗೆ ನಾಂದಿ ಹಾಡಿದ. ನಮ್ಮ ಕಡೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಯ ಬುಡಕ್ಕೂ ಒತ್ತುತ್ತಾರೆ. ಬೆಲ್ಟ್ ತಿರುಗುತ್ತಿರುವ ಕಡೆ ತಲೆ ಬಗ್ಗಿಸುವವರಿಗೆ ವ್ಯಾಕರಣ ಹೊಣೆಯಲ್ಲ.

ಇನ್ನು ಸಂಧಿಪ್ರಕರಣ.

ಲೋಪಸಂಧಿ: ಇದ್ದದ್ದು ಹೋಗುವುದು. ಸೈಲೆನ್ಸರನ್ನು ತೂಗುಹಾಕಿದ ರಬ್ಬರ್ ಹರಿಯುತ್ತದೆ, ಶಾಖ ತಡೆಯುವ ತಗಡಿನ ಬೋಲ್ಟ್ ಉದುರುತ್ತದೆ. ಆ ತಗಡು ಎಂಜಿನ್ನಿನ ಒಂದು ನಿರ್ದಿಷ್ಟ ಸುತ್ತಿಗೆ ಜುಂಯ್ ಎಂದು, ಅದು ದಾಟಿದೊಡನೆ ಸುಮ್ಮನಾಗುತ್ತದೆ. ಒಂದು ಕ್ಲಿಪ್ಪಿನಿಂದ ಮುಗಿಯುವ ಈ ಕಾಯಿಲೆಗೆ ಎಂಜಿನ್ ಬಿಚ್ಚಿಸಿದವರನ್ನು ದಾನಶೂರರೆಂದು ಕರೆಯಬೇಕು. ಇದೇ ಗುಂಪಿನ ಇನ್ನೊಂದು ರೂಪವನ್ನು ಬಿಳಿಕೆರೆಯಲ್ಲಿ ಕೆ.ಆರ್. ನಗರದ ಕಡೆ ಸ್ಟೇರಿಂಗ್ ಮುರಿದು ತುಳಿದಾಗ ಕೇಳಬಹುದು: ಕಟ್, ಕಟ್, ಕಟ್. ಮುಂಚಕ್ರದ ಜಾಯಿಂಟಿನ ರಬ್ಬರ್ ಹರಿದು ಗ್ರೀಸ್ ಹೊರಗೆ, ಮಣ್ಣು ಒಳಗೆ. ಬೇಗ ಕಂಡರೆ ರಬ್ಬರ್ ಮತ್ತು ಗ್ರೀಸಿನ ಖರ್ಚು. ಕಟಕಟ ಶುರುವಾದ ಮೇಲೆ ಜಾಯಿಂಟಿನದೇ ಖರ್ಚು.

ಆಗಮಸಂಧಿ: ಇಲ್ಲದ್ದು ಬರುವುದು, ಅಂದರೆ ತೂತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಸೈಲೆನ್ಸರ್ ಹಾದು ಹೋಗಬೇಕು. ಸಂತೆಗೆ ಹೋಗಿ ಬರುವಷ್ಟೇ ದೂರಕ್ಕೆ ಪೈಪು ಕಾಯುವುದಿಲ್ಲ. ನೀರು ಒಳಗೇ ನಿಂತು ತುಕ್ಕು ಹೊರಬರುವ ದಾರಿ ಹುಡುಕುತ್ತದೆ. ಆಮೇಲೆ 796 ಸಿ.ಸಿ.ಯ ಪುಟ್ಟ ಗಾಡಿ ಟ್ರ್ಯಾಕ್ಟರಿನ ಆತ್ಮವಿಶ್ವಾಸದಿಂದ ಮಾತಾಡುತ್ತದೆ. ವೆಲ್ಡಿಂಗ್ ತಡಮಾಡಬಾರದು; ಇಲ್ಲಿ ಅಣಕವನ್ನು ಒಂದು ವಾಕ್ಯದ ಮಟ್ಟಿಗೆ ನಿಲ್ಲಿಸುತ್ತೇನೆ. ಸೋರುವ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಗಾಡಿಯೊಳಗೆ ಸೇರಿ ಪ್ರಾಣ ತೆಗೆಯಬಲ್ಲದು. ಹುಡುಗರು ಬೇಕೆಂದೇ ಸೈಲೆನ್ಸರ್ ಕೊಯ್ದು ತರಿಸಿಕೊಳ್ಳುವ ಆಗಮಕ್ಕೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನ ಭಾಷ್ಯವಿದೆ. ಮೊದಲ ಬಾರಿಗೆ 10,000 ರೂಪಾಯಿವರೆಗೆ ದಂಡ.

ಆದೇಶಸಂಧಿ: ಒಂದರ ಜಾಗಕ್ಕೆ ಇನ್ನೊಂದು ಬರುವುದು, ಮಳೆ+ಕಾಲ ಮಳೆಗಾಲವಾದಂತೆ. ಎರಡನೇ ಗೇರಿನ ಜಾಗದಲ್ಲಿ ನಾಲ್ಕನೆಯದು ಬಂದರೆ ಎಂಜಿನ್ ಟಕಟಕ ಎಂದು ಹಲ್ಲು ಕಡಿಯುತ್ತದೆ. ಹಂಪ್ ದಾಟಿದರೂ ಗೇರ್ ಇಳಿಸಲು ಒಪ್ಪದ ಮಹನೀಯರ ವಾದ, “ಪೆಟ್ರೋಲ್ ಉಳೀತದೆ.” ಉಳಿದದ್ದು ಪಿಸ್ಟನ್ನಿನ ಲೆಕ್ಕಕ್ಕೆ ಜಮಾ. ವೇಗದ ಜಾಗದಲ್ಲಿ ಬರೀ ಆರ್ಭಟ ಬಂದರೆ ಕ್ಲಚ್ ಪ್ಲೇಟ್ ಸವೆದಿದೆ. ಹುಣಸೂರು, ಪಿರಿಯಾಪಟ್ಟಣದ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪಿನ ಬೇಲು ಹೊತ್ತ ಗಾಡಿ ಏರಿನಲ್ಲಿ ಹೀಗೆ ಕಿರುಚುತ್ತ ನಿಂತಲ್ಲೇ ನಿಂತರೆ, ಸುಟ್ಟ ವಾಸನೆ ಸೊಪ್ಪಿನದೆಂದು ಸಮಾಧಾನಪಡಬಾರದು.

ಪ್ರಕೃತಿಭಾವ: ಸಂಧಿಯೇ ಆಗದೆ ಎಲ್ಲ ಇದ್ದ ಹಾಗೇ ಇರುವುದು. ಎಚ್.ಡಿ. ಕೋಟೆಯಿಂದ ಕೆ.ಆರ್. ನಗರದವರೆಗೆ ಅತಿ ಹೆಚ್ಚು ಅನುಯಾಯಿಗಳಿರುವುದು ಈ ಪಂಥಕ್ಕೇ ಎಂಬುದು ಬೆಂಚಿನ ಅಭಿಪ್ರಾಯ. ಇವರು ಶಬ್ದ ಬಂದೊಡನೆ ರೇಡಿಯೊ ಏರಿಸುತ್ತಾರೆ. ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರು ಆಕಾಶವಾಣಿಯನ್ನು ಆರಂಭಿಸಿದಾಗ ಅದು ಸೈಲೆನ್ಸರಿನ ಕೆಲಸವನ್ನೂ ಮಾಡೀತೆಂದು ಎಣಿಸಿರಲಾರರು. ಚಿಕಿತ್ಸೆ ಅಗ್ಗ, ಅಡ್ಡಪರಿಣಾಮ ಒಂದೇ: ನಾಗರಹೊಳೆಯ ಕಡೆ ಸಿಗ್ನಲ್ ಕರಗಿದರೆ ಶಬ್ದ ಬಡ್ಡಿ ಸಮೇತ ವಾಪಸು ಬರುತ್ತದೆ, ಅಲ್ಲಿ ಗ್ಯಾರೇಜಿರುವುದಿಲ್ಲ.