ಆಟಕ್ಕೂ ಒಂದು ಚಾಲಗೇಣಿ

ಮಂಗಳೂರಿನಲ್ಲಿ ಗೇಮಿಂಗ್ ಕಂಪ್ಯೂಟರ್ ಇಟ್ಟುಕೊಂಡವರಿಗೆ ಆಡುವ ಹೊತ್ತಿಗಿಂತ ಅದರ ಆರೈಕೆಯ ಹೊತ್ತೇ ಹೆಚ್ಚು. ಕಡಲಿನ ಉಪ್ಪುಗಾಳಿ ವರ್ಷವಿಡೀ ಇದ್ದದ್ದೇ. ಅದರ ಮೇಲೆ ಜೂನ್ ಬಂತೆಂದರೆ ಹಪ್ಪಳ ಮೆತ್ತಗಾಗುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಗೋಡೆ ಬೆವರುತ್ತದೆ. ಇಂಥ ಊರಿನಲ್ಲಿ ಲಕ್ಷದ ಆಸುಪಾಸಿನ ಪೆಟ್ಟಿಗೆಯೊಂದನ್ನು ಸಾಕುವುದು ಸುಲಭವಲ್ಲ.

ನನ್ನ ಅಕ್ಕನ ಮಗ ಸಾಕುತ್ತಿದ್ದಾನೆ. ಪ್ರತಿ ಆಯುಧಪೂಜೆಗೆ ಅವನು ಪೆಟ್ಟಿಗೆಯ ಬದಿಯ ಗಾಜನ್ನು ಬಿಚ್ಚುತ್ತಾನೆ. ಸ್ಕ್ರೂಗಳ ತಲೆಯಲ್ಲಿ ತುಕ್ಕು, ತಾಮ್ರ ಕಂಡಲ್ಲೆಲ್ಲ ಹಸಿರು ಪುಡಿ, ಎಸ್‌ಎಂಪಿಎಸ್ ಒಳಗೆ ಇರುವೆಗಳ ತುಂಬು ಸಂಸಾರ. ಕಳೆದ ಸಲ ಗ್ರಾಫಿಕ್ಸ್ ಕಾರ್ಡಿನ ಬೆನ್ನ ಮೇಲೆ ಹಲ್ಲಿಯ ಮೊಟ್ಟೆಯೂ ಇತ್ತು. ಆ ಕಾರ್ಡಿನ ಬಿಸಿ ಅದಕ್ಕೆ ಹಿತವಾಗಿರಬೇಕು. ಎಲ್ಲ ಒರೆಸಿ, ಊದಿ, ಶೂ ಡಬ್ಬಿಗಳಿಂದ ಕೂಡಿಟ್ಟ ಸಿಲಿಕಾ ಜೆಲ್ ಪೊಟ್ಟಣಗಳನ್ನು ಮೂಲೆಗೆ ತುರುಕಿ, ಗಾಜಿಗೆ ಕುಂಕುಮದ ಬೊಟ್ಟಿಟ್ಟರೆ ಮುಂದಿನ ವರ್ಷಕ್ಕೆ ಸೈ.

ಈ ಸಲ ಮಾತ್ರ ಬೊಟ್ಟಿಡುವಾಗಲೇ ಹೇಳಿದ: "ಮಾಮ, ಇದನ್ನು ಮಾರ್ತೇನೆ. ಇನ್ನು ಎಲ್ಲ ಸ್ಟ್ರೀಮಿಂಗಲ್ಲೇ ಆಡುದು. ಮೆಷಿನ್ ಅವ್ರದ್ದು, ತಲೆಬಿಸಿಯೂ ಅವ್ರದ್ದು. ನಮ್ಗೆ ಆಟ ಮಾತ್ರ."

"ಮೊದ್ಲು ಅದು ಮಾಡು ಮಾರಾಯ, ಆ ಮೇಜಲ್ಲಿ ಇಸ್ತ್ರಿ ಹಾಕ್ಬಹುದು" ಎಂದಳು ಅಕ್ಕ ಒಳಗಿನಿಂದ.

ಸಂಗತಿ ಇಷ್ಟೆ. ಆಟ ನಡೆಯುವುದು ಎಲ್ಲೋ ದೂರದ ಡೇಟಾ ಸೆಂಟರಿನಲ್ಲಿ. ನಮ್ಮ ಮನೆಗೆ ಬರುವುದು ಅದರ ವೀಡಿಯೊ ಮಾತ್ರ; ನಾವು ಒತ್ತಿದ ಬಟನ್ ಇಲ್ಲಿಂದ ಅಲ್ಲಿಗೆ ಹೋಗುತ್ತದೆ. ಹಳೆಯ ಲ್ಯಾಪ್‌ಟಾಪ್, ಟಿವಿ, ಫೋನ್, ಯಾವುದಾದರೂ ಸಾಕು. 2010ರಲ್ಲೇ ಅಮೆರಿಕದಲ್ಲಿ ಆನ್‌ಲೈವ್ ಎಂಬ ಕಂಪನಿ ಇದನ್ನು ಶುರುಮಾಡಿ 2015ರಲ್ಲಿ ಬಾಗಿಲು ಹಾಕಿತು. ನಮ್ಮಲ್ಲಿಗೆ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ ಬಂದದ್ದು 2025ರ ನವೆಂಬರಿನಲ್ಲಿ.

ಬಾಡಿಗೆಗೆ ಆಡುವುದು ನಮಗೇನೂ ಹೊಸತಲ್ಲ. ಸೈಬರ್ ಕೆಫೆಗಳ ಕಾಲದಲ್ಲಿ ಹಂಪನಕಟ್ಟೆ, ಬಲ್ಮಠದ ಹುಡುಗರು ಕೌಂಟರ್ ಸ್ಟ್ರೈಕ್ ಆಡಿದ್ದೆಲ್ಲ ಗಂಟೆ ಲೆಕ್ಕದಲ್ಲೇ. ಗುರಿಯಿಟ್ಟು ಕೂತ ಹೊತ್ತಿಗೆ ಸರಿಯಾಗಿ ಕೌಂಟರಿನವರು "ಟೈಮ್ ಆಯ್ತು" ಎನ್ನುತ್ತಿದ್ದರು. ಅವರ ಪರದೆಯ ಮೇಲೆ ನಮ್ಮ ಗಡಿಯಾರ ಓಡುತ್ತಿತ್ತು. ಈಗಲೂ ಓಡುತ್ತದೆ: ಎನ್ವಿಡಿಯಾದ ಸ್ಟ್ರೀಮಿಂಗ್ ಸೇವೆ ಜಿಫೋರ್ಸ್ ನೌ ದುಡ್ಡು ಕೊಟ್ಟ ಚಂದಾದಾರರಿಗೂ ತಿಂಗಳಿಗೆ 100 ಗಂಟೆಯ ಮಿತಿ ಹಾಕಿದೆ. ಅದು ಮುಗಿದರೆ ಮತ್ತೆ ದುಡ್ಡು. ಗ್ರಾಫಿಕ್ಸ್ ಕಾರ್ಡ್ ಮಾರುವವರೂ ಇವರೇ, ಅದನ್ನು ಬಾಡಿಗೆಗೆ ಕೊಡುವವರೂ ಇವರೇ. ಹೊಲ ಮಾರಿದರೂ ಲಾಭ, ಗೇಣಿಗೆ ಬಿಟ್ಟರೂ ಲಾಭ.

ಗೇಣಿ ಎಂದದ್ದು ಸುಮ್ಮನೆ ಅಲ್ಲ. ನಮ್ಮ ಜಿಲ್ಲೆಯ ಹಿರಿಯರಿಗೆ ಮೂಲಗೇಣಿ, ಚಾಲಗೇಣಿ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಮೂಲಗೇಣಿಯವನಿಗೆ ಗೇಣಿ ಗೊತ್ತುಪಡಿಸಿದ್ದು, ಹಕ್ಕು ತಲೆತಲಾಂತರದ್ದು. ಚಾಲಗೇಣಿಯವನದ್ದು ಧಣಿಯ ಮರ್ಜಿ ಇದ್ದಷ್ಟು ದಿನ. ಗೇಣಿ ಏರಿಸಿದರೆ ಕೊಡಬೇಕು, ಏಳು ಎಂದರೆ ಏಳಬೇಕು. ಸ್ಟ್ರೀಮಿಂಗ್ ಅಪ್ಪಟ ಚಾಲಗೇಣಿ. ಮೈಕ್ರೋಸಾಫ್ಟಿನ ಚಂದಾ ಯೋಜನೆ ಗೇಮ್ ಪಾಸ್ ಅಲ್ಟಿಮೇಟ್‌ನ ಗೇಣಿ ಅಮೆರಿಕದಲ್ಲಿ ತಿಂಗಳಿಗೆ 19.99 ಡಾಲರಿನಿಂದ 29.99ಕ್ಕೆ ಏರಿದ್ದು 2025ರ ಅಕ್ಟೋಬರಿನ ಒಂದೇ ದಿನದಲ್ಲಿ. ಗೂಗಲ್ 2019ರ ನವೆಂಬರಿನಲ್ಲಿ ಸ್ಟೇಡಿಯಾ ಎಂಬ ದೊಡ್ಡ ಹಿಡುವಳಿ ತೆರೆದು 2023ರ ಜನವರಿ 18ಕ್ಕೆ ಮುಚ್ಚಿತು. ಕೊಂಡ ಆಟಗಳ ಹಣ ವಾಪಸು ಕೊಟ್ಟಿತು ಎನ್ನುವುದು ನಿಜ. ಎದ್ದು ಹೋಗುವ ಒಕ್ಕಲಿಗೆ ದುಡ್ಡು ಕೈಗಿಟ್ಟ ಧಣಿ ಅಪರೂಪ. 1974ರ ಭೂಸುಧಾರಣೆಯಲ್ಲಿ ನಮ್ಮವರು ಫಾರಂ ನಂಬರ್ 7 ತುಂಬಿ, ಡಿಕ್ಲರೇಶನ್ ಕೊಟ್ಟು ಭೂಮಿ ಮಾಡಿಕೊಂಡರು. ಡೇಟಾ ಸೆಂಟರಿನ ಒಕ್ಕಲಿಗೆ ಅಂಥ ಫಾರಂ ಇಲ್ಲ.

ಹಾಗಂತ ಪೆಟ್ಟಿಗೆ ಇದ್ದವರು ಬೀಗುವ ಹಾಗೂ ಇಲ್ಲ. ಅಳಿಯ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟಗಳು ಅವನವಲ್ಲ. ಅವನು ಕೊಂಡದ್ದು ಆಡುವ ಪರವಾನಗಿ ಎಂದು ಅಂಗಡಿಯೇ 2024ರಿಂದ ಬಿಲ್ ಮಾಡುವಾಗ ಬರೆದು ತೋರಿಸುತ್ತಿದೆ. ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ 'ದಿ ಕ್ರೂ' ಆಟದ ಸರ್ವರ್ ಆರಿಸಿದಾಗ, ಡಿಸ್ಕ್ ಕೊಂಡು ಕಪಾಟಿನಲ್ಲಿಟ್ಟವರಿಗೂ ಆಟ ಹೋಯಿತು. ಸ್ಟೀಮ್ ಖಾತೆಯನ್ನು ಉಯಿಲು ಬರೆದು ಯಾರಿಗೂ ಕೊಡುವಂತಿಲ್ಲ. ಅಳಿಯಸಂತಾನದ ಈ ನಾಡಿನಲ್ಲಿ, ಮಾಮ ಇಷ್ಟಪಟ್ಟರೂ ಅಳಿಯನಿಗೆ ಆಟ ದಾಟಿಸಲಾಗದು! ನನ್ನ ಬಳಿ ದಾಟಿಸಲು ಸಾಲಿಟೇರ್ ಬಿಟ್ಟು ಬೇರೇನೂ ಇಲ್ಲ, ಅದು ಬೇರೆ ಮಾತು.

ದೂರದ ಪ್ರಶ್ನೆ ಉಳಿಯಿತು. ಡೇಟಾ ಸೆಂಟರ್ ಮುಂಬೈಯಲ್ಲಿದೆ ಎಂದಿಟ್ಟುಕೊಳ್ಳಿ. ಮಧ್ಯಾಹ್ನ ಮಂಗಳೂರು ಸೆಂಟ್ರಲ್ ಬಿಟ್ಟ ಮತ್ಸ್ಯಗಂಧ ರೈಲು ಮುಂಬೈಯ ಕುರ್ಲಾ ತಲುಪುವಾಗ ಮರುದಿನ ಬೆಳಗಾಗುತ್ತದೆ. ಆದರೆ ಆಟದ ಚಿತ್ರ ಬರುವ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸಾವಿರ ಕಿಲೋಮೀಟರ್ ಹೋಗಿಬರಲು ಅದಕ್ಕೆ 10 ಮಿಲಿಸೆಕೆಂಡ್ ಸಾಕು. ಆಟದ ಪರದೆ ಸೆಕೆಂಡಿಗೆ 60 ಚಿತ್ರ ತೋರಿಸಿದರೆ ಒಂದೊಂದಕ್ಕೂ 16 ಮಿಲಿಸೆಕೆಂಡಿನ ಮೇಲೆ ಸಿಗುತ್ತದೆ. ಲೆಕ್ಕದಲ್ಲಿ ಮುಂಬೈ ಪಕ್ಕದ ಮನೆ.

ತೊಂದರೆ ಇರುವುದು ಕೊನೆಯ ಹತ್ತು ಮೀಟರಿನಲ್ಲಿ. ಅಕ್ಕನ ಮನೆ ಬಿಜೈಯ ಹಳೆಯ ಹೆಂಚಿನ ಮನೆ. ಕೆಂಪುಕಲ್ಲಿನ ಗೋಡೆ ಒಂದಡಿಗೂ ದಪ್ಪ. ಮುಂಬೈಯಿಂದ ಕಣ್ಣುಮಿಟುಕಿಸುವುದರೊಳಗೆ ಬಂದ ಚಿತ್ರ ಚಾವಡಿಯ ರೌಟರಿನಿಂದ ಅಳಿಯನ ಕೋಣೆಗೆ ಹೋಗಲು ಏದುಸಿರು ಬಿಡುತ್ತದೆ. ಕಡೆಗೆ ಬಾಗಿಲ ಸಂದಿಯಲ್ಲಿ ಲ್ಯಾನ್ ಕೇಬಲ್ ಎಳೆದದ್ದಾಯಿತು. ಒಳ್ಳೆಯ ಚಿತ್ರಕ್ಕೆ 25 ಎಂಬಿಪಿಎಸ್ ಬೇಕು ಎನ್ನುತ್ತಾರೆ, ಅಂದರೆ ಗಂಟೆಗೆ 11 ಜಿಬಿ. ಮೊಬೈಲಿನ ದಿನಕ್ಕೆ 2 ಜಿಬಿ ಪ್ಯಾಕಿನಲ್ಲಿ ಆಡಹೊರಟರೆ 10–11 ನಿಮಿಷಕ್ಕೆ ಆ ದಿನದ ಪಾಲು ಮುಗಿಯುತ್ತದೆ.

ಮಳೆಗಾಲದ್ದು ಇನ್ನೂ ತಮಾಷೆ. ಕರೆಂಟ್ ಹೋದರೆ ಸ್ಟ್ರೀಮಿಂಗ್ ಗೆಲ್ಲುತ್ತದೆ: ಲ್ಯಾಪ್‌ಟಾಪಿಗೆ ಬ್ಯಾಟರಿ ಉಂಟು, ರೌಟರ್ ತಿನ್ನುವ ನಾಲ್ಕಾರು ವಾಟ್ ಇನ್ವರ್ಟರಿಗೆ ಲೆಕ್ಕಕ್ಕೇ ಇಲ್ಲ. ಆಡುವಾಗ 400–500 ವಾಟ್ ಎಳೆಯುವ ಪೆಟ್ಟಿಗೆಗೆ ಅದೇ ಇನ್ವರ್ಟರ್ ಕೂಗಿಕೊಳ್ಳುತ್ತದೆ. ನೆಟ್ ಹೋದರೆ ಪೆಟ್ಟಿಗೆ ಗೆಲ್ಲುತ್ತದೆ. ನಮ್ಮಲ್ಲಿ ನೆಟ್ ಹೋಗುವುದು ತೆಂಗಿನ ಮಡಲಿನಿಂದ. ಗಾಳಿಗೆ ಒಂದು ಮಡಲು ಕಳಚಿ ಫೈಬರಿನ ಮೇಲೆ ಬಿತ್ತೆಂದರೆ ರೌಟರಿನ ಪಕ್ಕದ ಡಬ್ಬಿಯಲ್ಲಿ 'ಎಲ್‌ಒಎಸ್' ಎಂಬ ಕೆಂಪು ದೀಪ ಮಿನುಗತೊಡಗುತ್ತದೆ. ಲೈನಿನ ಹುಡುಗ ಮಳೆ ಹೊಳವಾದ ಮೇಲೆ ಬರುತ್ತಾನೆ. ಒಬ್ಬರು ಕೊಡೆ ಹಿಡಿಯಬೇಕು, ಅವನು ಸ್ಕೂಟರಿನ ಸೀಟಿನ ಮೇಲೆ ಸ್ಪ್ಲೈಸಿಂಗ್ ಮೆಷಿನ್ ಇಟ್ಟು ಕೂದಲಿನಂಥ ಎರಡು ಎಳೆಗಳನ್ನು ಜೋಡಿಸಬೇಕು. ಅಷ್ಟು ಹೊತ್ತು ಡೇಟಾ ಸೆಂಟರಿನ ಲಕ್ಷಾಂತರ ರೂಪಾಯಿಯ ಕಾರ್ಡುಗಳೆಲ್ಲ ಅಳಿಯನ ಪಾಲಿಗೆ ಇಲ್ಲದಂತೆಯೇ.

ಪೆಟ್ಟಿಗೆ ಇನ್ನೂ ಮಾರಿಲ್ಲ. ಎಐ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಬಾಚಿಕೊಂಡು ರ‍್ಯಾಮ್ ಬೆಲೆ ಗಗನಕ್ಕೇರಿದೆ. ಕ್ರೂಷಿಯಲ್ ಹೆಸರಿನಲ್ಲಿ ಜನಸಾಮಾನ್ಯರಿಗೆ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಆ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರಿನಲ್ಲಿ ಹೇಳಿತು. ಈಗ ಮಾರಿದರೆ ಇನ್ನೊಂದು ಕೊಳ್ಳಲಾಗದು ಎಂಬ ಹೆದರಿಕೆ ಅವನಿಗೆ. ಅಕ್ಕ ಇಸ್ತ್ರಿಯನ್ನು ಹಾಸಿಗೆಯ ಮೇಲೆಯೇ ಹಾಕುತ್ತಿದ್ದಾಳೆ.

ನನ್ನನ್ನು ಕೇಳಿದರೆ, ಭಾನುವಾರ ಎರಡು ಗಂಟೆ ಆಡುವವರು ಲಕ್ಷ ಸುರಿದು ಇರುವೆ ಸಾಕಬೇಕಾಗಿಲ್ಲ, ಬಾಡಿಗೆಯೇ ಸರಿ. ದಿನಾ ಆಡುವವರು, ಗುಂಡು ಹಾರಿಸುವ ಆಟದಲ್ಲಿ ಪಂದ್ಯ ಗೆಲ್ಲಬೇಕೆನ್ನುವವರು ಪೆಟ್ಟಿಗೆ ಬಿಡಬಾರದು. ಎರಡರ ನಡುವೆ ಇದ್ದೀರಾದರೆ ಒಂದು ತಿಂಗಳ ಚಂದಾ ಕಟ್ಟಿ ನೋಡಿ. ಆದರೆ ಫೆಬ್ರವರಿಯ ತಿಳಿ ಆಕಾಶದಲ್ಲಿ ನೋಡಿ ಮರುಳಾಗಬೇಡಿ; ಆಟಿ ತಿಂಗಳ ಮಳೆಯಲ್ಲಿ ಕಟ್ಟಿ, ಅದೂ ತೋಟದ ಮಡಲು ತೆಗೆಸುವ ಮೊದಲು.