ಅಫಲ ಲಿಂಬಿ ಮೀಮಾಂಸೆ

ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಲ್ಲಿ ಹಿತ್ತಲ ಲಿಂಬಿಗಿಡ ಮಾಳಿಗೆಯ ಮಟ್ಟ ಬೆಳೆದೂ ಕಾಯಿ ಹಿಡಿಯದಿದ್ದರೆ, ಕಾರಣವನ್ನು ಶಾಸ್ತ್ರೋಕ್ತವಾಗಿಯೇ ಹುಡುಕಬೇಕು. ಪ್ರತ್ಯಕ್ಷ ಪ್ರಮಾಣ ಇಲ್ಲಿ ನಿರುಪಯೋಗಿ. ನೋಡಲು ಕಾಯಿಯೇ ಇಲ್ಲ. ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವ ಅನುಪಲಬ್ಧಿಯನ್ನು ಭಾಟ್ಟ ಮೀಮಾಂಸಕರು ಆರನೆಯ ಪ್ರಮಾಣವಾಗಿ ಒಪ್ಪಿದ್ದು ಇಂಥ ಗಿಡವನ್ನು ನೋಡಿಯೇ ಇರಬೇಕು. ಮೊದಲ ಪೂರ್ವಪಕ್ಷ: ಓಣಿಯವರ ದೃಷ್ಟಿ ತಾಗಿದೆ. ಆದರೆ ದೃಷ್ಟಿ ತೆಗೆಯುವುದೇ ಲಿಂಬಿಹಣ್ಣಿನಿಂದ; ಔಷಧಕ್ಕೇ ರೋಗ ಹತ್ತಿತೆಂದರೆ ಎರಡು ಶಾಸ್ತ್ರಗಳು ಒಟ್ಟಿಗೆ ಕುಸಿಯುತ್ತವೆ. ಎರಡನೆಯದು: ಹಳೆ ಚಪ್ಪಲಿ ಕಟ್ಟಿದರೆ ಗಿಡ ನಾಚಿ ಕಾಯಿ ಬಿಡುತ್ತದೆ. ಹಾಗೆ ಬಿಟ್ಟ ಗಿಡಗಳು ಉಂಟು, ಅಲ್ಲಗಳೆಯಲಾಗದು. ಆದರೆ ನೈಯಾಯಿಕರು ಇದನ್ನು ಅನ್ಯಥಾಸಿದ್ಧವೆನ್ನುತ್ತಾರೆ: ಮಣ್ಣು ಹೊತ್ತು ತಂದ ಮಾತ್ರಕ್ಕೆ ಕುಂಬಾರನ ಕತ್ತೆ ಗಡಿಗೆಗೆ ಕಾರಣವಾಗದು. ಬೀಜದಿಂದ ಎದ್ದ ಲಿಂಬಿಗೆ ಫಲ ಕೊಡಲು 4-5 ವರ್ಷ ಬೇಕು. ಮನೆಯವರ ತಾಳ್ಮೆ ತೀರಿ ಚಪ್ಪಲಿ ಹುಡುಕುವುದೂ ಸರಿಯಾಗಿ ಆಗಲೇ. ಕೊಡಲಿ ತೋರಿಸಿ ಹೆದರಿಸುವವರ ಪಕ್ಷ ತುಸು ಗಟ್ಟಿ. ಕೊಂಬೆಯ ತೊಗಟೆಯನ್ನು ಉಂಗುರದಂತೆ ಕೆತ್ತಿದರೆ ಎಲೆ ಮಾಡಿದ ಸಕ್ಕರೆ ಬೇರಿಗಿಳಿಯದೆ ಮೇಲೆಯೇ ನಿಂತು ಹೂವಿಗೆ ಒದಗುತ್ತದೆ. ಆದರೆ ಅದಕ್ಕೆ ಬರೀ ಬೈಗುಳ ಸಾಲದು, ಕಬ್ಬಿಣ ತಾಗಬೇಕು.

ಸಿದ್ಧಾಂತವಿದು: ತಪ್ಪು ಬಚ್ಚಲದ್ದು. ಹಿತ್ತಲಲ್ಲಿ ಲಿಂಬಿಗೆ ಸಿಗುವ ಜಾಗ ಬಚ್ಚಲ ಮೋರಿಯ ಬಾಯಿ. ಮನೆಮಂದಿಯ ಜಳಕ ತಪ್ಪದು, ಗಿಡದ ನೀರೂ ತಪ್ಪದು. ಈ ಜಾತಿಯ ಗಿಡಗಳು ಚಳಿಗೋ ನೀರಡಿಕೆಗೋ ಬೆಳವಣಿಗೆ ನಿಂತ ಮೇಲೆ ಹೂವಿಗೆ ಮನಸ್ಸು ಮಾಡುತ್ತವೆ. ಬಹಾರ ಹಿಡಿಯುವ ಬೆಳೆಗಾರರು ಬೇಕೆಂದೇ ನೀರು ನಿಲ್ಲಿಸಿ, ಎಲೆ ಬಾಡಿದ ಮೇಲೆ ಗೊಬ್ಬರ ಹಾಕಿ ಮತ್ತೆ ನೀರು ಬಿಡುವುದು ಇದಕ್ಕಾಗಿ. ಉಪವಾಸವನ್ನೇ ಕಾಣದ ಹಿತ್ತಲ ಗಿಡ, ಮೇಲಿಂದ ತಿಪ್ಪೆಗೊಬ್ಬರದ ಸಾರಜನಕವನ್ನೂ ಉಂಡು, ಎಲೆ ಮೇಲೆ ಎಲೆ ಬಿಡುತ್ತದೆ. ಆದ್ದರಿಂದ ವ್ಯಾಪ್ತಿ: ಎಲ್ಲೆಲ್ಲಿ ಮೋರಿಯೋ ಅಲ್ಲಲ್ಲಿ ಸೊಪ್ಪು.

ಬಾಜೂ ಮನೆಯ ಗಿಡವೂ ಮೋರಿಯ ಬಾಯಲ್ಲೇ ಇದ್ದು ಜೋತುಬೀಳುವಷ್ಟು ಕಾಯುತ್ತದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಇಲ್ಲಿ ವ್ಯಾಪ್ತಿಗೆ ಷರತ್ತು ಹಾಕುವ ಉಪಾಧಿ ಅಡಗಿದೆ. ಮಸಾರಿ ನೆಲದಲ್ಲಿ ನೀರು ಬಸಿದುಹೋಗುತ್ತದೆ, ಮೇಲೆ ಬಿಸಿಲಿದ್ದರೆ ಇನ್ನೂ ಒಳ್ಳೆಯದು. ಎರಿ ಮಣ್ಣು ನೀರು ಹಿಡಿದಿಟ್ಟು ಬೇರಿನ ಉಸಿರು ಕಟ್ಟಿಸುತ್ತದೆ, ಸುಣ್ಣದಂಶ ಹೆಚ್ಚಿದ್ದರೆ ಕಬ್ಬಿಣ, ಸತುವನ್ನೂ ದಕ್ಕಗೊಡದು. ಹಾಗಾಗಿ ವ್ಯಾಪ್ತಿಯನ್ನು ಎರಿ ಹಿತ್ತಲಿಗೆ, ನೆರಳಿನ ಮೂಲೆಗೆ ಸೀಮಿತಗೊಳಿಸಿದರೆ ಸಿದ್ಧಾಂತಕ್ಕೆ ಬಾಧೆಯಿಲ್ಲ. ಪರಿಹಾರ ಮೋರಿಯನ್ನು ತಿರುಗಿಸುವುದು. ಯಾರ ಗೋಡೆಯ ಕಡೆಗೆ ಎಂಬ ಪ್ರಶ್ನೆ ತರ್ಕಶಾಸ್ತ್ರಕ್ಕೆ ಸೇರಿದ್ದಲ್ಲ, ಪಂಚಾಯಿತಿಗೆ ಸೇರಿದ್ದು.