ಸಿಗಡಿಗೆ ಸೋಡಾ

ಚೆರ್ರಿ ಸಿಗಡಿ ಅಂಗುಲ ಉದ್ದದ ಕೆಂಪು ಜೀವಿ. ಪಾಚಿ ಮೇಯ್ದುಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಜಪಾನಿನ ತಕಾಶಿ ಅಮಾನೋ ಗಾಜಿನ ತೊಟ್ಟಿಯಲ್ಲಿ ಬೆಳೆಸುತ್ತಿದ್ದಂಥ ಹುಲ್ಲುಗಾವಲು ತನಗೂ ಬೇಕೆಂದು ಅದು ನನ್ನನ್ನು ಕೇಳಿರಲಿಲ್ಲ. ಅಮಾನೋ ಗಿಡಗಳ ಪಾಚಿ ತಿನ್ನಿಸಲು ಸಿಗಡಿ ಬಿಟ್ಟವರು. ನಾನು ಸಿಗಡಿಗಳ ಶೋಭೆಗೆಂದು ಹುಲ್ಲು ನೆಟ್ಟವನು.

ಹುಲ್ಲು ದಟ್ಟವಾಗಲು ನೀರಿಗೆ ಕಾರ್ಬನ್ ಡೈಆಕ್ಸೈಡ್ ಬೇಕು. ಸಿಲಿಂಡರಿನ ಬೆಲೆ ಕೇಳಿದ ಮೇಲೆ ಬಡವರ ದಾರಿ ಹಿಡಿದೆ: ಪೆಟ್ ಬಾಟಲಿಗೆ ಸಕ್ಕರೆ, ಬೆಚ್ಚನೆ ನೀರು, ಚಿಟಿಕೆ ಯೀಸ್ಟು, ಮುಚ್ಚಳಕ್ಕೆ ತೂತು ಕೊರೆದು ಪೈಪು. ಹೆಂಡತಿಯ ಕಣ್ಣಿಗೆ ಬೀಳದಂತೆ ಸೋಫಾ ಹಿಂದೆ ಸೇರಿಸಿದೆ.

ತೊಟ್ಟಿಯಲ್ಲಿ ತೂಗುಹಾಕಿದ ಡ್ರಾಪ್ ಚೆಕರ್ ನೀಲಿಯಿದ್ದರೆ ಅನಿಲ ಕಡಿಮೆ. ಹಸಿರಾದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ, ಗಿಡಗಳಿಗೆ ಹಬ್ಬ. ಹಳದಿಯಾದರೆ ಪ್ರಾಣಿಗಳಿಗೆ ಕುತ್ತು. ನನ್ನದು ಹಸಿರಾಯಿತು. ಎಲೆಎಲೆಯ ಮೇಲೂ ಆಮ್ಲಜನಕದ ಮುತ್ತು. ಎದೆಯುಬ್ಬಿಸಿ ಮಲಗಿದೆ.

ದೀಪ ಆರಿದೊಡನೆ ಗಿಡಗಳು ಪಕ್ಷಾಂತರ ಮಾಡುತ್ತವೆ. ಅವೂ ಆಮ್ಲಜನಕ ಹೀರಿ ಕಾರ್ಬನ್ ಡೈಆಕ್ಸೈಡ್ ಬಿಡತೊಡಗುತ್ತವೆ. ಸಿಲಿಂಡರಿಗಾದರೆ ಟೈಮರ್ ಹಾಕಿ ಬಾಯಿ ಮುಚ್ಚಿಸಬಹುದು. ಯೀಸ್ಟಿಗೆ ರಾತ್ರಿಪಾಳಿಯೂ ಉಂಟು. ನಡುರಾತ್ರಿ ನೋಡಿದರೆ ಡ್ರಾಪ್ ಚೆಕರ್ ನಿಂಬೆಹಳದಿ, ಸಿಗಡಿಗಳೆಲ್ಲ ಫಿಲ್ಟರ್ ಪೈಪು ಹತ್ತಿ ನೀರಿನ ಅಂಚಿಗೆ ಬಂದು ಕೂತಿವೆ.

ಒಂದು ಅನಿಲ ಎದ್ದರೆ ಇನ್ನೊಂದಕ್ಕೆ ಜಾಗ ಎಂಬ ಬಸ್ ಸೀಟಿನ ಲೆಕ್ಕ ನೀರಿನಲ್ಲಿ ನಡೆಯುವುದಿಲ್ಲ. ಎರಡೂ ಒಟ್ಟಿಗೆ ಹೆಚ್ಚಿರಬಹುದು. ಆಮ್ಲಜನಕ ಸಾಕಷ್ಟಿದ್ದರೂ ಕಾರ್ಬನ್ ಡೈಆಕ್ಸೈಡ್ ಅತಿಯಾದರೆ ಸಿಗಡಿಗೆ ಮಂಪರು. ಏರ್ ಪಂಪು ಹಚ್ಚಿದೆ. ನೀರಿನ ಮೈ ಕದಡಿ ಆಮ್ಲಜನಕ ಒಳಬಂತು, ಸಿಗಡಿಗಳು ಕೆಳಗಿಳಿದವು, ನನ್ನ ಸಕ್ಕರೆಯ ಅನಿಲವೂ ಹಾರಿಹೋಯಿತು. ಅಲ್ಲಿಗೆ, ಸಕ್ಕರೆ ಸುರಿದು ಅನಿಲ ತುಂಬುವುದೂ ನಾನೇ, ಕರೆಂಟು ಸುಟ್ಟು ಅದನ್ನು ಓಡಿಸುವುದೂ ನಾನೇ.

ಅಷ್ಟರಲ್ಲಿ ಊರಿಂದ ಮಾವನವರು ಬಂದರು. ಅವರಿಗೆ ಕಂಡದ್ದಿಷ್ಟು: ಮನೆಯಲ್ಲಿ ಸಕ್ಕರೆ ನಿಲ್ಲುವುದಿಲ್ಲ, ಅಳಿಯ ನಡುರಾತ್ರಿ ಎದ್ದು ಕತ್ತಲಲ್ಲಿ ಗಾಜಿನ ಮುಂದೆ ಬಗ್ಗಿ, “ಉಸಿರಾಡ್ತಿದೀಯಾ ಮರೀ?” ಎನ್ನುತ್ತಾನೆ, ಸೋಫಾ ಹಿಂದಿನಿಂದ ಹುಳಿಹೆಂಡದ ವಾಸನೆ. ಯೀಸ್ಟು ಸಕ್ಕರೆ ತಿಂದು ಅನಿಲದ ಜೊತೆ ಆಲ್ಕೊಹಾಲನ್ನೂ ಮಾಡುತ್ತದೆಂದು ನಾನು ಶಾಸ್ತ್ರೋಕ್ತವಾಗಿ ವಿವರಿಸಿದ ಮೇಲಂತೂ ಕೇಸು ಇನ್ನಷ್ಟು ಗಟ್ಟಿಯಾಯಿತು.

“ಅಪ್ಪನ ಮುಂದೆ ಮಾನ ಕಳೆದ್ರಿ,” ಎಂದು ಹೆಂಡತಿ ಬಾಟಲಿಯನ್ನು ಬಚ್ಚಲಿಗೆ ಬಗ್ಗಿಸಿದಳು. ಹುಲ್ಲು ಸೊರಗಿತು. ಆ ಜಾಗದಲ್ಲಿ, ಅನಿಲಗಿನಿಲ ಕೇಳದ ಜಾವಾ ಮಾಸ್ ಹಬ್ಬಿತು. ಸಿಗಡಿಗಳು ಹೊಟ್ಟೆಯಡಿ ಮೊಟ್ಟೆ ಹೊತ್ತು ಅದರಲ್ಲೇ ಸಂಸಾರ ಹೂಡಿದವು.

ಊರಿಗೆ ಹೊರಟ ಮಾವನವರು ಲಿಫ್ಟಿನ ಬಳಿ ನನ್ನನ್ನು ಪಕ್ಕಕ್ಕೆ ಕರೆದರು. ಮಗಳು ದೂರವಿದ್ದಾಳೆಂದು ಖಾತ್ರಿ ಮಾಡಿಕೊಂಡು ಕೇಳಿದರು:

“ಅಳಿಯಂದ್ರೇ, ಕೇಜಿ ಸಕ್ಕರೆಗೆ ಯೀಸ್ಟು ಎಷ್ಟು?”